ಗಾಳಿ ಹೆಚ್ಚಾಗಿದೆ

"ದೀಪಾ ದೊಡ್ಡದು ಮಾಡು" ಎಂದು ಶಿವಗಂಗವ್ವ ಕೈಮುಗಿದು ಹೇಳಿದ್ದೇ ತಡ, ದೇವರ ಗೂಡಿನ ವಿದ್ಯುತ್ ದೀಪ ಝಗ್ಗನೆ ಬೆಳಗಿ ಮನೆಯವರೆಲ್ಲ ಕಣ್ಣು ಮುಚ್ಚಿಕೊಳ್ಳುವಂತಾಯಿತು. ಮನೆಯವರೆಲ್ಲ ಎಂದರೆ ಮೂವರೇ: ಮುದುಕಿ ಶಿವಗಂಗವ್ವ, ಅವಳ ಸೊಸೆ ಇಂದುಮತಿ, ಇಂದುಮತಿಯ ತೋಳಿನಲ್ಲಿದ್ದ ಇನ್ನೂ ಹೆಸರಿಡದ ಕೂಸು.

"ಅಯ್ಯ ಇದರ! ದೊಡ್ಡದು ಮಾಡು ಅಂದ್ರ ಖರೇನ ದೊಡ್ಡದು ಮಾಡ್ತೈತಲ್ಲ ಇದು!"

ಇಂದುಮತಿಗೆ ನಗು ತಡೆಯಲಾಗಲಿಲ್ಲ. "ನೀವೇ ಅಲ್ವಾ ಅತ್ತೆ ದೊಡ್ಡದು ಮಾಡು ಅಂದಿದ್ದು? ನಿನ್ನೆಯಿಂದ ಯಂತ್ರಕ್ಕೆ ಮನೆಮಾತೆಲ್ಲ ಅರ್ಥ ಆಗುತ್ತೆ. ನೀವು ಏನು ಹೇಳ್ತೀರೋ ಅದನ್ನೇ ಮಾಡುತ್ತೆ."

"ಹಂಗಲ್ಲ ಇಂದೂ. ದೀಪಾ ದೊಡ್ಡದು ಮಾಡು ಅಂದ್ರ..." ಮುದುಕಿ ಬಾಯಿಗೆ ಬಂದದ್ದನ್ನು ಅಲ್ಲೇ ನುಂಗಿಕೊಂಡಳು. "ಹೋಗ್ಲಿ ಬಿಡು. ನಿನ್ನ ಗಂಡ ಬರ್ಲಿ, ಅವ್ನ ಹೇಳ್ತಾನ."

ಹಾಗೆಂದವಳು ಅಡುಗೆಮನೆಯಿಂದ ಹಿಟ್ಟು ನಾದುವ ಹಿತ್ತಾಳೆಯ ದೊಡ್ಡ ಪರಾತ ತಂದು ದೀಪದ ಮುಂದೆ ಮರೆಯಾಗಿ ನಿಲ್ಲಿಸಿದಳು. ಯಂತ್ರದ ಜೊತೆಗೆ ವಾದ ಮಾಡುವುದಕ್ಕಿಂತ ಪರಾತ ಅಡ್ಡ ಇಡುವುದು ಸುಲಭವೆಂದು ಅವಳಿಗೆ ತಿಳಿದಿತ್ತು.

ಇಂದುಮತಿಯ ಗಂಡ ಬಸವಂತನೇ ಈ ಮನೆಯ ದುಭಾಷಿ. ಅವನು ಮಂಜುಗಡ್ಡೆ ತರುವ ಬಂಡಿಯ ಚಾಲಕ, ಚಂದ್ರನ ಧ್ರುವದ ಕಡೆಗೆ ಹೋಗಿದ್ದ. ಅವನು ತಿರುಗಿ ಬಂದ ಮೇಲೆ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ಅತ್ತೆಯ ಮಾತು ಸೊಸೆಗೂ ಸೊಸೆಯ ಮಾತು ಅತ್ತೆಗೂ ಅರ್ಧಂಬರ್ಧ ಅರ್ಥವಾಗುತ್ತ ದಿನ ಸಾಗುತ್ತಿತ್ತು. ಇಬ್ಬರೂ ಆಡುವುದು ಕನ್ನಡವೇ, ಗೊಂದಲವಿದ್ದದ್ದೇ ಅಲ್ಲಿ.

ಶಿವಗಂಗವ್ವನ ಹಿರಿಯರು ಗದಗ-ಧಾರವಾಡದ ಕಡೆಯಿಂದ ಸುರಂಗ ಕೊರೆಯುವ ಕೆಲಸಕ್ಕೆಂದು ಚಂದ್ರನಿಗೆ ಬಂದವರು. ಲಾವಾ ಹರಿದು ಪೊಳ್ಳಾದ ದೊಡ್ಡ ಗವಿಯೊಳಗೆ ಊರು ಕಟ್ಟಿದರು, ಅದಕ್ಕೆ ಗವಿಯೂರು ಎಂದೇ ಹೆಸರಾಯಿತು. ಎಲ್ಲಕ್ಕೂ ಕೆಳಗಿನ ಓಣಿಯಲ್ಲಿ ಆ ಹಳಬರ ಮನೆತನಗಳು ಇನ್ನೂ ಇದ್ದವು. ಭೂಮಿ ಬಿಟ್ಟು ತಲೆಮಾರುಗಳಾದರೂ ಅವರ ಮಾತು ಕಿಂಚಿತ್ತೂ ಬದಲಾಗಿರಲಿಲ್ಲ. ಇಂದುಮತಿಯೋ ಮೇಲಿನ ಹಂತದ ಹಾಸ್ಟೆಲಿನಲ್ಲಿ ಬೆಳೆದವಳು. ಅಪ್ಪ ಅಮ್ಮ ದೂರದ ಠಾಣೆಗಳಲ್ಲಿ ದುಡಿಯುತ್ತಿದ್ದರು. ಹತ್ತು ಭಾಷೆಯ ಮಕ್ಕಳು ಒಟ್ಟಿಗಿದ್ದ ಆ ಹಾಸ್ಟೆಲಿನಲ್ಲಿ ಒಂದು ಪದಕ್ಕೆ ಒಂದೇ ಅರ್ಥ. ಬೇಕು ಎಂದರೆ ಬೇಕು, ಸಾಕು ಎಂದರೆ ಸಾಕು. ಹೆರಿಗೆಯ ರಜೆ ಮುಗಿದು ಕೂಸನ್ನು ನೋಡಿಕೊಳ್ಳುವವರು ಬೇಕಾದಾಗ ಮೊನ್ನೆ ಮೊನ್ನೆ ಅವಳು ಅತ್ತೆಯ ಮನೆಗೆ ಬಂದಿದ್ದಳು.

ಇಂದುಮತಿ ಕೆಲಸಕ್ಕೆ ಹೊರಡುವಾಗ ಶಿವಗಂಗವ್ವ ಬಾಗಿಲವರೆಗೂ ಬಂದಳು. "ಇಂದೂ, ಮನ್ಯಾಗ ಅಕ್ಕಿ ಹೆಚ್ಚಾಗೇತಿ ನೋಡವಾ. ಬರೂಮುಂದ ಲಕ್ಷ್ಯ ಇರ್ಲಿ."

"ಆಯ್ತು ಅತ್ತೆ, ನೋಡ್ತೀನಿ. ಹೋಗ್ತೀನಿ."

"ಬರ್ತೀನಿ ಅನ್ನವಾ!" ಎಂದು ಮುದುಕಿ ಹಿಂದಿನಿಂದ ಕೂಗಿದ್ದು ಅವಳಿಗೆ ಕೇಳಿಸಿತು. ಹೋಗುವವಳು ಬರುತ್ತೇನೆಂದು ಏಕೆ ಹೇಳಬೇಕೋ, ಅದೂ ಅವಳಿಗೆ ಅರ್ಥವಾಗದ ಮಾತುಗಳಲ್ಲೊಂದು.

ದಾರಿಯಲ್ಲಿ ಅವಳು ಅತ್ತೆಯ ಮಾತಿಗೆ ಲಕ್ಷ್ಯ ಕೊಟ್ಟೇ ಕೊಟ್ಟಳು. ಮನೆಯಲ್ಲಿ ಅಕ್ಕಿ ಹೆಚ್ಚಿದ್ದರೆ ಹುಳ ಬೀಳಲು ಬಿಡುವುದೇಕೆ? ಕೆಲಸದಲ್ಲಿ ಪಕ್ಕದ ಮೇಜಿನವಳಾದ ತಾಹಿರಾಳ ಮನೆಗೆ ನೆಂಟರು ಬಂದಿದ್ದರು. ಈ ವಾರದ ತನ್ನ ಪಾಲಿನ ಅಕ್ಕಿಯನ್ನು ಅವಳ ಹೆಸರಿಗೆ ತಿರುಗಿಸಿದಳು. ಒಳ್ಳೆಯ ಸೊಸೆಯ ಕೆಲಸವೊಂದನ್ನು ಮಾಡಿದ ಸಮಾಧಾನದಲ್ಲಿ ನಿಯಂತ್ರಣ ಕೋಣೆಯ ಮೆಟ್ಟಿಲು ಹತ್ತಿದಳು.

ಗವಿಯೂರಿನ ಪ್ರಾಣವೆಲ್ಲ ಒಂದು ದೊಡ್ಡ ಕೋಷ್ಟಕದಲ್ಲಿತ್ತು. ಮನೆಗೊಂದು ಸಾಲು, ಅಳತೆಗೊಂದು ಕಾಲಂ. ನೀರೆಷ್ಟು, ಬಿಸಿಯೆಷ್ಟು, ಗಾಳಿಯೆಷ್ಟು ಎಂದು ಗೋಡೆಗೋಡೆಯ ಯಂತ್ರಗಳು ಕ್ಷಣಕ್ಷಣವೂ ಅದರೊಳಗೆ ತುಂಬುತ್ತಿದ್ದವು. ಆ ಕೋಷ್ಟಕವನ್ನು ಪ್ರಶ್ನೆ ಕೇಳುವುದು ಇಂದುಮತಿಯ ಕೆಲಸ. ಕೇಳುವ ಭಾಷೆ ಭೂಮಿಯಿಂದ ಬಂದ ಹಳೇ ಎಸ್‌ಕ್ಯೂಎಲ್. ಎಷ್ಟೋ ಹೊಸ ಭಾಷೆಗಳು ಬಂದು ಸತ್ತರೂ ಅದು ಮಾತ್ರ ಗಟ್ಟಿಮುಟ್ಟಾಗಿ ಉಳಿದಿತ್ತು.

ಕೋಷ್ಟಕ ಕಟ್ಟಿದ ಮೊದಲ ಎಂಜಿನಿಯರುಗಳಿಗೆ ಅವಸರವಿತ್ತೇನೋ, ಕಾಲಂಗಳಿಗೆ ಗಾ_ಕೊ, ನೀ_ಮ ಎಂಬಂಥ ಮೊಂಡು ಹೆಸರುಗಳನ್ನಿಟ್ಟು ಹೋಗಿದ್ದರು. ಅವನ್ನು ಮನೆಯ ಗೋಡೆಯ ಮೇಲೆ ತೋರಿಸಿದರೆ ಯಾರಿಗೆ ಅರ್ಥವಾದೀತು? ಅದಕ್ಕೇ ಆ ಭಾಷೆಯಲ್ಲಿ ಒಂದು ಅನುಕೂಲವಿದೆ: ಕಾಲಂಗೆ ಅಡ್ಡಹೆಸರು ಇಡಬಹುದು. ಗಾ_ಕೊ ಕಾಲಂ ಅನ್ನು ಇಂಥ ಹೆಸರಿನಿಂದ ತೋರಿಸು ಎಂದರೆ ಉತ್ತರದ ತಲೆಯ ಮೇಲೆ ಆ ಹೆಸರು ಬರುತ್ತದೆ, ಒಳಗಿನ ಮೂಲ ಹೆಸರು ಹಾಗೆಯೇ ಇರುತ್ತದೆ. ಗವಿಯೂರಿನ ಒಂದೊಂದು ಓಣಿಯವರೂ ಹಿಂದೆಯೇ ತಮಗೆ ಒಪ್ಪುವ ಹೆಸರು ಬರೆಸಿಕೊಂಡಿದ್ದರು. ಮೇಲಿನ ಓಣಿಗಳಲ್ಲಿ ಒಂದು ಬಗೆ, ಕೆಳಗಿನ ಓಣಿಯಲ್ಲಿ ಇನ್ನೊಂದು ಬಗೆ.

ಆದರೆ ಈ ಅಡ್ಡಹೆಸರಿಗೆ ಒಂದು ಮಿತಿ ಇತ್ತು. ಅದು ತೋರಿಸುವುದಕ್ಕೆ ಮಾತ್ರ, ಹುಡುಕುವುದಕ್ಕಲ್ಲ. ಪ್ರಶ್ನೆ ಬರೆಯುವಾಗ 'ಇದನ್ನು ತೋರಿಸು' ಎಂಬುದು ಮೊದಲ ಸಾಲಿನಲ್ಲಿರುತ್ತದೆ ನಿಜ, ಯಂತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕೊನೆಕೊನೆಯಲ್ಲಿ. ಮೊದಲು ಯಾವ ಕೋಷ್ಟಕ ಎಂದು ನೋಡುತ್ತದೆ, ಆಮೇಲೆ ಯಾವ ಯಾವ ಮನೆ ಎಂದು ಆರಿಸುತ್ತದೆ, ಅದಾದ ಮೇಲೆಯೇ ಹೆಸರು ಹಚ್ಚುವುದು. ಹಾಗಾಗಿ ಆರಿಸುವ ಸಾಲಿನಲ್ಲಿ ಅಡ್ಡಹೆಸರು ಹಾಕಿದರೆ, 'ಆ ಹೆಸರಿನ ಕಾಲಂ ಇಲ್ಲ' ಎಂದು ಯಂತ್ರ ಮುಖಕ್ಕೆ ಹೊಡೆದಂತೆ ಹೇಳುತ್ತಿತ್ತು. ತೊಟ್ಟಿಲಿಗೆ ಹಾಕುವ ಮೊದಲೇ ಕೂಸನ್ನು ಹೆಸರು ಹಿಡಿದು ಕರೆದಂತೆ.

ಈ ಮಿತಿ ಕೋಣೆಯ ಮುಖ್ಯಸ್ಥ, ಕೆಳಗಿನ ಓಣಿಯಲ್ಲೇ ಬೆಳೆದ ಪ್ರಹ್ಲಾದ ಇನಾಮದಾರರಿಗೆ ಸರಿಬರುತ್ತಿರಲಿಲ್ಲ. "ಜನರ ಮಾತಿನಾಗ ಯಂತ್ರ ನಡೀಬೇಕು, ಯಂತ್ರದ ಮಾತಿನಾಗ ಜನ ಅಲ್ಲ" ಎನ್ನುವುದು ಅವರ ದಿನನಿತ್ಯದ ಭಾಷಣ. ದಾರಿ ತೋರಿಸಿದವಳು ಇಂದುಮತಿ. ಅಡ್ಡಹೆಸರು ಹಚ್ಚಿದ ಪ್ರಶ್ನೆಯನ್ನೇ ಒಂದು ಒಳಪ್ರಶ್ನೆಯಾಗಿ ಮಾಡಿ, ಅದರ ಉತ್ತರವನ್ನೇ ಹೊಸ ಕೋಷ್ಟಕವೆಂದು ತಿಳಿದು ಹೊರಗಿನಿಂದ ಇನ್ನೊಂದು ಪ್ರಶ್ನೆ ಹೊದಿಸಿದರಾಯಿತು. ಹೊರಗಿನ ಪ್ರಶ್ನೆಗೆ ಮೂಲ ಹೆಸರು ಕಾಣುವುದೇ ಇಲ್ಲ, ಅಡ್ಡಹೆಸರೇ ನಿಜವಾದ ಹೆಸರು. ಇನಾಮದಾರರು ಹಿಗ್ಗಿ ಹೀರೇಕಾಯಿಯಾದರು. ಗಾಳಿಯ ತೂಬು ತೆರೆಯುವ, ಮುಚ್ಚುವ ನಿಯಮಗಳನ್ನೆಲ್ಲ ತಾವೇ ಕೂತು ಮನೆಮಾತಿನಲ್ಲಿ ಹೊಸದಾಗಿ ಬರೆದರು. ಹೊಸ ವ್ಯವಸ್ಥೆಗೆ 'ಮನೆಮಾತು' ಎಂದೇ ಹೆಸರಿಟ್ಟರು. ದೀಪದ ಕೆಲಸ ನಿನ್ನೆ ಶುರುವಾಗಿತ್ತು, ಗಾಳಿಯದು ಇವತ್ತು ಬೆಳಿಗ್ಗೆ, ಮೊದಲಿಗೆ ಕೆಳಗಿನ ಓಣಿಯಲ್ಲಿ ಮಾತ್ರ.

"ಇಂದುಮತಿ, ಇಲ್ಲಿ ಬಂದು ನೋಡ್ರಿ. ಕೆಳಗಿನ ಓಣಿಯೊಳಗ ಏನಾಗ್ಲಿಕ್ಕತ್ತದ?"

ಇನಾಮದಾರರ ದನಿಯಲ್ಲಿ ಗಾಬರಿಯಿರಲಿಲ್ಲ, ಬರಿಯ ಸೋಜಿಗವಿತ್ತು. ಪರದೆಯ ಮೇಲೆ ಕೆಳಗಿನ ಓಣಿಯ ಮನೆಗಳೆಲ್ಲ ಸಾಲಾಗಿ ನಿಂತಿದ್ದವು. ತಲೆಯ ಮೇಲೆ 'ಗಾಳಿ ಹೆಚ್ಚು' ಎಂಬ ಹೆಸರು. ಕೆಳಗಿನ ಅಂಕಿಗಳು ಹತ್ತರಿಂದ ಇಪ್ಪತ್ತಕ್ಕೆ ಬಂದಿದ್ದವು.

"ಹತ್ತು ದಾಟಿದ ಕೂಡ್ಲೆ ನಿಯಮದ ಪ್ರಕಾರ ತೂಬು ಮುಚ್ಚ್ಯದ. ಮುಚ್ಚಿದ ಮ್ಯಾಲೆ ಕಡಿಮಿ ಆಗಬೇಕಲ್ಲ? ಇದು ಏರಿಕೋತ ಹೊಂಟದ."

ಇಂದುಮತಿ ಹತ್ತಿರ ಬಂದು ಕೂತಳು. ತೂಬು ನಿಜವಾಗಿಯೂ ಮುಚ್ಚಿತ್ತು. ಗಾಳಿ ಒಳಗೆ ಹೋಗುವ ದಾರಿಯೇ ಇಲ್ಲ. ಆದರೂ ಗಾಳಿ ಹೆಚ್ಚುತ್ತಿದೆ. ಕೊಡದ ಬಾಯಿ ಮುಚ್ಚಿಟ್ಟರೂ ನೀರು ಏರುತ್ತಿದೆಯೆಂದರೆ ನಂಬುವುದು ಹೇಗೆ?

"ಪಕ್ಕದ ಓಣಿಯಿಂದ ಸೋರಿ ಬರ್ತಿರಬಹುದಾ ಸರ್?"

"ಪಕ್ಕದ ಓಣಿಯೊಳಗ ಎಲ್ಲಾ ಸರಿ ಅದ."

"ಅಳೆಯೋ ಯಂತ್ರ ಕೆಟ್ಟಿರಬಹುದು."

"ಇಡೀ ಓಣಿಯ ಯಂತ್ರ ಒಮ್ಮೆಲೆ ಕೆಡ್ತಾವೇನು?"

ಗವಿಯೂರಿನಲ್ಲಿ ಗಾಳಿ ಎಂದರೆ ಆಮ್ಲಜನಕವೇ, ಅದು ಹೆಚ್ಚುವುದು ಸಣ್ಣ ಮಾತಲ್ಲ. ಒಂದು ಕಿಡಿ ಹಾರಿದರೆ ಓಣಿಗೆ ಓಣಿಯೇ ಹೊತ್ತಿ ಉರಿದೀತು. ಆ ಭಯಕ್ಕೇ ಊರಿನಲ್ಲಿ ಬೆಂಕಿಯ ದೀಪ ನಿಷಿದ್ಧ. ಇನಾಮದಾರರು ಓಣಿಯ ಎರಡನೆಯ ತೂಬನ್ನೂ ಮುಚ್ಚಿಸಿದರು. ಅಂಕಿ ಇನ್ನೂ ಜೋರಾಗಿ ಏರತೊಡಗಿತು.

ಕರೆಗಳನ್ನು ತೆಗೆದುಕೊಳ್ಳುವ ತಾಹಿರಾ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. "ಇಂದೂ, ಕೆಳಗಿನ ಓಣಿಯಿಂದ ಒಂದೇ ಸಮ ಫೋನ್ ಬರ್ತಿದೆ. ಎಲ್ಲ ಅಜ್ಜಿಯಂದಿರೇ. ಗಾಳಿ ಹೆಚ್ಚಾಗೇತಿ ಲಗೂ ನೋಡ್ರಿ ಅಂತಾರೆ. ಹೌದಮ್ಮ, ನಮಗೂ ಕಾಣ್ತಿದೆ, ಮುಚ್ಚಿಸಿದ್ದೇವೆ ಅಂದರೆ ಸಿಟ್ಟಾಗಿ ಬೈತಾರೆ. ಒಬ್ಬರಂತೂ ಬೈತಾ ಬೈತಾ ನಗೋಕೆ ಶುರು ಮಾಡಿದರು."

"ನಗೋಕೆ?"

"ಹೂಂ. ಕುಡಿದವರ ಹಾಗೆ."

ಆಮ್ಲಜನಕ ಅತಿಯಾದರೂ ತಲೆ ತಿರುಗಬಹುದೆಂದು ಇಂದುಮತಿ ಎಲ್ಲೋ ಓದಿದ್ದಳು. ಕಡಿಮೆಯಾದಾಗ ಉಸಿರು ಕಟ್ಟಿ ಒದ್ದಾಡಬೇಕಲ್ಲ? ಯಾರೂ ಒದ್ದಾಡುತ್ತಿಲ್ಲ. ಅಲ್ಲಿಗೆ ಅವಳ ಮನಸ್ಸು ಒಂದು ಗಳಿಗೆ ನಿಂತಿತು. ಒದ್ದಾಟ ಹುಟ್ಟುವುದು ಆಮ್ಲಜನಕ ಕಡಿಮೆಯಾದದ್ದರಿಂದಲ್ಲ, ನಾವೇ ಬಿಟ್ಟ ಇಂಗಾಲದ ಡೈಆಕ್ಸೈಡ್ ಸುತ್ತ ತುಂಬಿಕೊಳ್ಳುವುದರಿಂದ. ಗವಿಯೂರಿನ ಗೋಡೆಗಳು ಅದನ್ನು ಸದಾ ಹೀರಿಕೊಳ್ಳುತ್ತಲೇ ಇರುತ್ತವೆ. ಹಾಗಿದ್ದಾಗ ಆಮ್ಲಜನಕ ಇಳಿದರೂ ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ಮಂಪರು ಬರುತ್ತದೆ, ಏನೋ ಖುಷಿಯಾಗುತ್ತದೆ, ಹಾಗೇ ಮಲಗಿಬಿಡುತ್ತಾನೆ. ಆದರೆ ಪರದೆ ಹೇಳುತ್ತಿರುವುದು ಹೆಚ್ಚು ಎಂದು. ಓಣಿಯ ಜನರು ಹೇಳುತ್ತಿರುವುದೂ ಹೆಚ್ಚು ಎಂದೇ. ಯಂತ್ರವೂ ಜನರೂ ಒಂದೇ ಮಾತು ಆಡುತ್ತಿರುವಾಗ ತಾನು ಮೂರನೆಯ ಮಾತನ್ನು ಎಲ್ಲಿಂದ ತರುವುದು?

ಅವಳು ಮನೆಗೆ ಫೋನ್ ಮಾಡಿದಳು.

ತುಂಬ ಹೊತ್ತಿನ ಮೇಲೆ ಶಿವಗಂಗವ್ವ ಎತ್ತಿಕೊಂಡಳು. "ಯಾರವಾ?"

"ನಾನು ಅತ್ತೆ, ಇಂದೂ. ಮನೆಯಲ್ಲಿ ಹೇಗಿದೆ?"

"ಆರಾಮ ಐತಿ." ದನಿ ಎಳೆದೆಳೆದು ಬರುತ್ತಿತ್ತು, ಅದರೊಳಗೆ ಒಂದು ನಗುವೂ ಇತ್ತು. "ಗಾಳಿ ಭಾಳ ಹೆಚ್ಚಾಗೇತಿ ಇಂದೂ. ನಿಮ್ಮ ಸಾಹೇಬ್ರಿಗೆ ಹೇಳು."

"ಗೊತ್ತು ಅತ್ತೆ, ಇಲ್ಲೂ ಕಾಣ್ತಿದೆ. ಅದಕ್ಕೇ ತೂಬು ಮುಚ್ಚಿಸಿದ್ದೇವೆ."

ಮುದುಕಿಯ ದನಿ ದೂರದಿಂದ ಬಂದಂತೆ ಕೇಳಿಸಿತು: "ಮುಚ್ಚೀರಿ? ಹೆಚ್ಚಾಗೇತಿ ಅಂದ್ರ ಯಾರರ ಮುಚ್ತಾರೇನ?"

"ಮತ್ತೆ ಏನು ಮಾಡಬೇಕು?"

"ನನಗೇನ ತಿಳೀತೈತವಾ. ನೀವು ಕಲ್ತಾವ್ರು."

"ಪಾಪು ಏನು ಮಾಡ್ತಿದೆ ಅತ್ತೆ?"

"ಅಳೂದ ಬಿಟ್ಟೈತಿ. ಕಾಲ ಮ್ಯಾಲ ಹಾಕ್ಕೊಂಡೇನಿ. ತುಟಿ ನೋಡಿದ್ರ ನೇರಳಿಹಣ್ಣ ತಿಂದಂಗ ಕಾಣ್ತಾವ. ನಾ ಏನೂ ತಿನಿಸಿಲ್ಲವಾ, ನನ್ನ ಬೈಬ್ಯಾಡ."

"ತುಟಿ ನೀಲಿಯಾಗಿದೆಯಾ? ಅತ್ತೆ, ಸರಿಯಾಗಿ ನೋಡಿ. ಗಾಳಿ ಇದೆಯೋ ಇಲ್ಲವೋ ಹೇಳಿ!"

"ಬಿಡ್ತು ಅನ್ನು! ಕೂಸಿನ ಮುಂದ ಎಂಥಾ ಮಾತು." ಮುದುಕಿ ಗದರಿದಳು. ಗದರಿಕೆ ಅರ್ಧಕ್ಕೇ ಆಕಳಿಕೆಯಾಯಿತು. "ಹೆಚ್ಚಾಗೇತಿ ಅಂತ ಆವಾಗಿಂದ ಹೇಳಾಕತ್ತೇನಿ... ಇಂದೂ, ಬರೂಮುಂದ ಅಕ್ಕಿ ತರೂದು ಮರೀಬ್ಯಾಡ."

"ಅಕ್ಕಿ ಯಾಕೆ ತರಬೇಕು? ಹೆಚ್ಚಾಗಿದೆ ಅಂದ್ರಲ್ಲ ಬೆಳಿಗ್ಗೆ?"

"ಹೂಂ ಮತ್ತ. ಹೆಚ್ಚಾಗೇತಿ. ಅದಕ್ಕ ತಾ ಅಂದೆ."

ಫೋನ್ ಎಲ್ಲೋ ಕೆಳಗೆ ಬಿದ್ದ ಸದ್ದಾಯಿತು. ಆಮೇಲೆ ಜೋಗುಳದ ಧಾಟಿಯ ಗುನುಗು ಮಾತ್ರ ಕೇಳಿಸಿತು. ಅದೂ ಸಣ್ಣಗಾಗಿ ನಿಂತುಹೋಯಿತು.

ಇಂದುಮತಿ ಫೋನ್ ಹಿಡಿದುಕೊಂಡೇ ನಿಂತಿದ್ದಳು. ಹೆಚ್ಚಾಗಿದೆ, ಅದಕ್ಕೇ ತಾ. ಹೆಚ್ಚಾಗಿದ್ದರೆ ಏಕೆ ತರಬೇಕು? ಮುದುಕಿಗೆ ಮಂಪರಿನಲ್ಲಿ ಮಾತು ತಪ್ಪುತ್ತಿದೆಯೇ? ಆದರೆ ಬೆಳಿಗ್ಗೆ ಅವಳಿಗೆ ಮಂಪರಿರಲಿಲ್ಲ. ಬೆಳಿಗ್ಗೆಯೂ ಅಕ್ಕಿ ಹೆಚ್ಚಾಗಿದೆ, ಬರುವಾಗ ಲಕ್ಷ್ಯವಿರಲಿ ಎಂದೇ ಅಂದಿದ್ದಳು. ಯಾವುದರ ಲಕ್ಷ್ಯ?

ಅವಳು ಪರದೆಗೆ ತಿರುಗಿ ತಾನೇ ಹೊದಿಸಿದ ಹೊರಪ್ರಶ್ನೆಯನ್ನು ಬದಿಗೆ ಸರಿಸಿ ಒಳಗಿನದನ್ನು ತೆರೆದಳು. ಗಾ_ಕೊ, ಅಡ್ಡಹೆಸರು 'ಗಾಳಿ ಹೆಚ್ಚು'. ಗಾ ಎಂದರೆ ಗಾಳಿ. ಕೊ ಎಂದರೆ?

"ಸರ್, ಕೊ ಅಂದರೆ ಏನು?"

"ಕೊಡುಗೆ ಇರಬೇಕು. ಗಾಳಿ ಕೊಡುಗೆ. ಅಂದ್ರ ಎಷ್ಟು ಗಾಳಿ ಕೊಟ್ಟದ್ದು."

"ಕೊರತೆ ಯಾಕಿರಬಾರದು?"

"ಕೊರತಿಗೆ ಯಾರರ ಹೆಚ್ಚು ಅಂತ ಹೆಸರಿಡ್ತಾರೇನ್ರಿ?" ಇನಾಮದಾರರು ನಕ್ಕರು. "ಅದೂ ನಮ್ಮ ಕೆಳಗಿನ ಓಣಿಯವರು, ಮಾತಿನಾಗ ಅಷ್ಟು ಘಾಟಿ ಮಂದಿ."

ಅಂಕಿ ನಲವತ್ತರ ಹತ್ತಿರ ಬಂದಿತ್ತು. ಇಂದುಮತಿ ಪರದೆಯಿಂದ ಇನಾಮದಾರರ ಕಡೆಗೆ ತಿರುಗಿದಳು. ಅವಳಿಗೆ ಹಾಸ್ಟೆಲಿನಲ್ಲಿ ಯಾರೂ ಹೇಳಿಕೊಡದ ಏನೋ ಒಂದು ಈ ಕೋಣೆಯಲ್ಲೇ, ಈ ಮನುಷ್ಯನ ತಲೆಯಲ್ಲೇ ಇದೆಯೆಂದು ಬಲವಾಗಿ ಅನಿಸಿತು. ಅದನ್ನು ಹೊರಗೆ ತೆಗೆಯುವ ಪ್ರಶ್ನೆ ಯಾವುದು? ಪ್ರಶ್ನೆ ಕೇಳುವುದೇ ಅವಳ ಕಸುಬಾಗಿತ್ತು.

"ಸರ್, ನಿಮ್ಮ ಮನೆಯಲ್ಲಿ ಅಕ್ಕಿ ಪೂರ್ತಿ ಖಾಲಿಯಾದರೆ ನಿಮ್ಮ ತಾಯಿಯವರು ಏನಂತಾರೆ?"

"ಇದೇನು ಅದನ್ನ ಕೇಳೋ ಹೊತ್ತೇನ್ರಿ?"

"ದಯವಿಟ್ಟು ಹೇಳಿ ಸರ್. ಅವರು ಆಡೋ ಮಾತನ್ನೇ ಹೇಳಿ."

"ಏನಂತಾಳ... ಪ್ರಹ್ಲಾದಾ, ಅಕ್ಕಿ ಹೆಚ್ಚಾಗ್ಯಾವಪಾ, ತೊಗೊಂಡು ಬಾ ಅಂತಾಳ. ಎಲ್ಲಾರ ಮನ್ಯಾಗೂ ಹಂಗ. ಅನ್ನದ ವಸ್ತು ಇಲ್ಲಾ ಅನಬಾರದು, ಅಂದ್ರ ಖರೇನ ಇಲ್ಲದಂಗ ಆಗ್ತದ ಅಂತ. ಬಳಿ ಒಡದ್ರ ಬಳಿ ಹೆಚ್ಚಿದ್ವು ಅಂತಾರ, ದೀಪಾ ಆರಿಸೂದಕ್ಕ ದೀಪಾ ದೊಡ್ಡದು ಮಾಡೂದು ಅಂತಾರ, ಹಂಗ ಮತ್ತ ಗಾಳಿ..."

ಇನಾಮದಾರರ ಬಾಯಿ ತೆರೆದಂತೆಯೇ ನಿಂತಿತು. ಹುಟ್ಟಿದಾಗಿನಿಂದ ಆ ಮಾತು ಕೇಳುತ್ತ ಬೆಳೆದವರು ಅವರು. ಮನೆಯಲ್ಲಿ ಕೇಳಿದ್ದರೆ ಕಣ್ಣು ಮುಚ್ಚಿಕೊಂಡು ಅರ್ಥ ಹೇಳುತ್ತಿದ್ದರು. ಆಫೀಸಿನ ಪರದೆಯ ಮೇಲೆ ಕಂಡಾಗ ಆಫೀಸಿನ ಮಾತೆಂದು ಓದಿಬಿಟ್ಟಿದ್ದರು.

ಇಂದುಮತಿಗೆ ಬೆಳಗಿನ ದೀಪ ನೆನಪಾಯಿತು, ಅಡ್ಡ ಇಟ್ಟ ಪರಾತ ನೆನಪಾಯಿತು. ಉಸಿರಾಡುವ ಗಾಳಿ ಕೊರತೆಯಾಗಿದೆ ಎಂಬ ಹೆಸರನ್ನು ಮಕ್ಕಳು ಮರಿ ಇರುವ ಮನೆಯ ಗೋಡೆಯ ಮೇಲೆ ದಿನವೆಲ್ಲ ನೋಡಲು ಯಾವ ಅಜ್ಜಿ ಒಪ್ಪಿಯಾಳು? ಓಣಿಯವರೆಲ್ಲ ಸೇರಿ ಅದನ್ನು ಹೆಚ್ಚು ಎಂದು ಬರೆಸಿಕೊಂಡಿದ್ದರು. ಅವರಿಗೆ ಅದರಲ್ಲಿ ಗೊಂದಲವೇ ಇರಲಿಲ್ಲ. ಇಷ್ಟು ವರ್ಷ ಯಂತ್ರಕ್ಕೂ ಇರಲಿಲ್ಲ, ಏಕೆಂದರೆ ತೂಬು ತೆರೆಯುವಾಗ ಅದು ಮೂಲ ಹೆಸರನ್ನೇ ನೋಡುತ್ತಿತ್ತು. ಆ ಮೂಲ ಹೆಸರನ್ನು ಮುಚ್ಚಿಟ್ಟವಳು ತಾನು.

"ತೂಬು ತೆಗೀರಿ ಸರ್! ಎರಡೂ ತೆಗೀರಿ!"

"ತಡೀರಿ, ತಡೀರಿ. ನಿಮ್ಮ ಊಹೆ ತಪ್ಪಿದ್ರ? ಖರೇನ ಹೆಚ್ಚಾಗಿದ್ರ? ಮತ್ತಷ್ಟು ಬಿಟ್ಟು ಒಂದು ಕಿಡಿ ಹಾರಿದ್ರ ಓಣಿ ಸುಟ್ಟು ಬೂದಿ ಆಗ್ತದ. ನಿಮ್ಮ ಕೂಸೂ ಅಲ್ಲೇ ಅದ ಇಂದುಮತಿ."

"ಅದಕ್ಕೇ ಹೇಳ್ತಿರೋದು. ಅದರ ತುಟಿ ನೀಲಿಯಾಗಿದೆ. ಗಾಳಿ ಹೆಚ್ಚಾದರೆ ತುಟಿ ನೀಲಿಯಾಗಲ್ಲ ಸರ್. ಹಳೇ ನಿಯಮದಲ್ಲಿ ಏನಿತ್ತು? ನೀವೇ ತಾನೇ ಹೊಸದಾಗಿ ಬರೆದಿದ್ದು?"

ಇನಾಮದಾರರ ಮುಖ ಬಿಳಿಚಿತು. "ಹಳೇದರೊಳಗ ಗಾ_ಕೊ ಹತ್ತು ದಾಟಿದ್ರ ತೂಬು ತೆರಿ ಅಂತ ಇತ್ತು. ನಾನು... ಹೆಚ್ಚಾದ್ರ ತೆರೀತಾರೇನು, ಮೊದಲಿನವರು ಉಲ್ಟಾ ಬರದು ಹೋಗ್ಯಾರ ಅಂತ ತಿದ್ದಿದೆ."

ಹೇಳುತ್ತ ಹೇಳುತ್ತಲೇ ಅವರು ತಮ್ಮ ಅಂಗೈಯನ್ನು ತೂಬು ತೆರೆಸುವ ಗೋಡೆಯ ಗುರುತಿಗೆ ಒತ್ತಿದರು. ಕೆಳಗೆಲ್ಲೋ ಕಬ್ಬಿಣ ಕಿರುಗುಟ್ಟಿತು. ಎರಡೂ ತೂಬು ತೆರೆದವು. ತಾಹಿರಾ ಎದ್ದು ಬಂದು ಪರದೆಯ ಮುಂದೆ ನಿಂತಳು. ಮೂವರೂ ಆ ಅಂಕಿಯನ್ನು ನೋಡುತ್ತ ನಿಂತರು. ಅದು ಇನ್ನೂ ಒಂದಿಷ್ಟು ಏರಿತು, ತಡವರಿಸಿತು, ಆಮೇಲೆ ಇಳಿಯತೊಡಗಿತು. ಗಾಳಿ ಬಿಟ್ಟಷ್ಟೂ 'ಗಾಳಿ ಹೆಚ್ಚು' ಕಡಿಮೆಯಾಗುತ್ತ ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಇನಾಮದಾರರು ಕುರ್ಚಿಯಲ್ಲಿ ಕುಸಿದು, ತಾಯಿಗೆ ಏನೆಂದು ಹೇಳಲಿ ಎಂದು ತಮ್ಮಷ್ಟಕ್ಕೇ ಗೊಣಗಿಕೊಂಡರು.

ಇಂದುಮತಿ ಹೊದಿಸಿದ್ದ ಹೊರಪ್ರಶ್ನೆಯನ್ನು ಬೇರುಸಹಿತ ಅಳಿಸಿ, ಹಳೇ ನಿಯಮವನ್ನು ಮೂಲ ಹೆಸರಿನೊಡನೆ ಅದರ ಜಾಗದಲ್ಲಿಟ್ಟು, ಮೆಟ್ಟಿಲಿಗೆ ಓಡಿದಳು.

ಕೆಳಗಿನ ಓಣಿಯಲ್ಲಿ ತಣ್ಣನೆಯ ಹೊಸ ಗಾಳಿ ಸುಯ್ಯೆಂದು ಬೀಸುತ್ತಿತ್ತು. ಬಾಗಿಲು ಬಾಗಿಲಿನಲ್ಲಿ ಮುದುಕಿಯರು ನಿದ್ದೆಯಿಂದೆದ್ದವರಂತೆ ಕಣ್ಣುಜ್ಜಿಕೊಳ್ಳುತ್ತ ನಿಂತಿದ್ದರು. ಒಬ್ಬಾಕೆ ಅವಳನ್ನು ಗುರುತಿಸಿ ಏನೋ ಬೈದಳು. ಇಂದುಮತಿ ನಿಲ್ಲಲಿಲ್ಲ.

ಮನೆಯಲ್ಲಿ ಶಿವಗಂಗವ್ವ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಕೂಸು ಕಾಲುಗಳ ನಡುವಿನ ಕೌದಿಯ ಮೇಲೆ ಅಲುಗದೆ ಮಲಗಿತ್ತು. ಮುದುಕಿ ನಿಧಾನವಾಗಿ ತಲೆಯೆತ್ತಿದಳು.

"ಅತ್ತೆ, ಪಾಪು?"

"ಶಾಂತ ಆಗೇತವಾ."

ಇಂದುಮತಿ ಇದ್ದಲ್ಲೇ ನಿಂತುಬಿಟ್ಟಳು. ಬೆಳಿಗ್ಗೆ ಇದೇ ಮಾತು ಕೇಳಿದ್ದರೆ ನೆಮ್ಮದಿಯಾಗುತ್ತಿತ್ತು. ಅಳು ನಿಲ್ಲಿಸಿ ಮಲಗಿದೆ ಎಂದುಕೊಂಡು ಬಟ್ಟೆ ಬದಲಿಸಲು ಹೋಗುತ್ತಿದ್ದಳು. ಈಗ ಆ ಮಾತಿನ ಕೆಳಗೆ ಯಾವ ಮೂಲ ಹೆಸರಿದೆಯೋ ತಿಳಿಯದು. ಈ ಮನೆಯಲ್ಲಿ ದೀಪ ಆರಿಸುವುದೆಂದರೆ ದೊಡ್ಡದು ಮಾಡುವುದು, ಅಕ್ಕಿ ಇಲ್ಲವೆಂದರೆ ಹೆಚ್ಚಾಗಿದೆ. ಶಾಂತವಾಗಿದೆ ಎಂದರೆ ಏನು? ಕೇಳಬೇಕೆಂದರೆ ಬಾಯಿ ಬರಲಿಲ್ಲ. ಆ ಇನ್ನೊಂದು ಪದವನ್ನು ಆಡಲು ಅವಳಿಗೂ ಆಗಲಿಲ್ಲ. ಏಕೆ ಆಡಬಾರದೆಂದು ಈ ಜನ ಅಷ್ಟು ಹಟ ಹಿಡಿಯುತ್ತಾರೆಂಬುದು ಅವಳಿಗೆ ಅದೇ ಮೊದಲು ತಿಳಿಯಿತು.

ಕೋಣೆ ಮಬ್ಬಾಗಿತ್ತು. ಅವಳು ದೇವರ ಗೂಡಿನ ಮುಂದಿನ ಪರಾತವನ್ನು ಎಳೆದು ಹಾಕಿ, ಬೆಳಗಿನಿಂದ ಉರಿಯುತ್ತಲೇ ಇದ್ದ ಆ ಪೆದ್ದು ದೀಪದ ಬೆಳಕಿನಲ್ಲಿ ಕೂಸಿನ ಮೇಲೆ ಬಾಗಿದಳು. ತುಟಿಯ ನೇರಳೆ ಪೂರ್ತಿ ಹೋಗಿರಲಿಲ್ಲ. ಮೂಗಿನ ಕೆಳಗೆ ಬೆರಳು ಹಿಡಿದಳು. ಬೀಸುತ್ತಿದ್ದ ಗಾಳಿಯಲ್ಲಿ ಉಸಿರು ಯಾವುದು, ತೂಬಿನದು ಯಾವುದು ತಿಳಿಯಲಿಲ್ಲ. ಕಿವಿಯನ್ನು ಎದೆಗೆ ಒತ್ತಿದಳು. ಅವಳ ಎದೆಯೇ ಅಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು, ಬೇರೇನೂ ಕೇಳಿಸಲಿಲ್ಲ.

ಅಷ್ಟರಲ್ಲಿ ಬಿಚ್ಚಿ ಇಳಿಬಿದ್ದಿದ್ದ ಅವಳ ಕೂದಲೆಳೆಯೊಂದು ಕೂಸಿನ ಮೂಗಿಗೆ ತಾಗಿತು. ಕೂಸು ಸೀನಿತು. ಪ್ರಖರ ಬೆಳಕಿಗೆ ಮುಖ ಕಿವುಚಿ, ಮುಷ್ಟಿ ಬಿಗಿದು, ಓಣಿಗೆಲ್ಲ ಕೇಳುವಂತೆ ಅತ್ತಿತು. ಅದರಷ್ಟು ಸ್ಪಷ್ಟವಾದ ಮಾತನ್ನು ಇಂದುಮತಿ ಆ ದಿನ ಎಲ್ಲಿಯೂ ಕೇಳಿರಲಿಲ್ಲ. ಅವಳು ಕೂಸನ್ನು ಎದೆಗವಚಿಕೊಂಡು ಅತ್ತೆಯ ಪಕ್ಕದಲ್ಲೇ ನೆಲದ ಮೇಲೆ ಕೂತು ತಾನೂ ಅತ್ತಳು.

"ಅಳಬ್ಯಾಡ ನನ್ನವ್ವ. ಚಲೋ ನಿದ್ದಿ ಹತ್ತಿತ್ತು, ಎಬ್ಬಿಸಿದಿ ನೋಡು." ಶಿವಗಂಗವ್ವ ಸೊಸೆಯ ಬೆನ್ನು ಸವರಿದಳು. ಮಂಪರು ಇಳಿದು ದನಿ ಮೊದಲಿನಂತಾಗುತ್ತಿತ್ತು. ಎಲ್ಲ ಮುದುಕಿಯರಂತೆ ಅವಳಿಗೂ ಮೊದಲು ನೆನಪಾದದ್ದು ಒಲೆ. "ಹೊತ್ತಾತು. ಅನ್ನಕ್ಕ ಇಡಬೇಕು. ಅಕ್ಕಿ ತಂದ್ಯೇನ?"

"ಇಲ್ಲ ಅತ್—" ಎಂದವಳು ಗಕ್ಕನೆ ನಾಲಿಗೆ ಕಚ್ಚಿಕೊಂಡಳು. ತಾಹಿರಾಳ ಮನೆಯ ನೆಂಟರು ಇಷ್ಟು ಹೊತ್ತಿಗೆ ಆ ಅಕ್ಕಿಯನ್ನು ಉಂಡು ಕೈ ತೊಳೆದಿರಬೇಕು. ಇಂದುಮತಿ ಮೂಗೊರೆಸಿಕೊಂಡು, ಕೂಸಿನ ಕಿವಿಗೆ ಬೀಳುವಂತೆಯೇ ಬಿಡಿಸಿ ಹೇಳಿದಳು:

"ಹೆಚ್ಚಾಗಿದೆ ಅತ್ತೆ. ಎಲ್ಲ ಕಡೆ ಹೆಚ್ಚಾಗಿದೆ."

ಮುದುಕಿ ಅವಳ ಮುಖ ನೋಡಿದಳು. ಆಮೇಲೆ ಬೊಚ್ಚು ಬಾಯಿ ತೆರೆದು ನಕ್ಕು, ಪಕ್ಕದ ಮನೆಯ ಗೋಡೆ ಬಡಿದು ಒಂದು ಸೇರು ಅಕ್ಕಿ ಕೇಳಿದಳು.